ಮೂರು ಮನೆ ಹಿಂದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಆ ಮುಸುಕಿನವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಮುಸುಕಿನವನು ಎಂದರೆ ಟಿವಿ ಗೇಮಿನ ನಿಂಜಾ, ಕತ್ತಲಲ್ಲಿ ಕಳ್ಳನ ಹಾಗೆ ನುಗ್ಗುವ ಜಪಾನಿನ ಯೋಧ. ಹೆಬ್ಬೆರಳಿನಷ್ಟು ಎತ್ತರ, ನೀಲಿ ಬಟ್ಟೆ, ಬೆನ್ನ ಮೇಲೆ ಕತ್ತಿ, ಗೋಡೆ ಸಿಕ್ಕರೆ ಹಲ್ಲಿಯ ಹಾಗೆ ಅಂಟಿಕೊಳ್ಳುವ ಜಾತಿ. ಅವನ ದೆಸೆಯಿಂದ ಅಜ್ಜಂಪುರದ ನಮ್ಮ ಮನೆಯಲ್ಲಿ ಒಂದು ಒಲೆ ಎರಡಾಯಿತು ಎಂದರೆ ಕೇಳಿದವರು ನಗುತ್ತಾರೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹೇಳಹೊರಟರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ ಎನ್ನುವುದು ಇನ್ನೊಂದು ಕಾರಣ, ನಿಜವಾದ ಕಾರಣ. ಈಗ ನಾನು ಕಡೂರಿನಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡು ಜನರಿಗೆ ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತೇನೆ. ‘ಮೇಲೆ ಹೇಳಿದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ’ ಎಂಬ ಸಾಲು ದಿನಕ್ಕೆ ಎಷ್ಟು ಸಲ ನನ್ನ ಬೆರಳಿನಿಂದ ಹೊರಡುತ್ತದೋ ಲೆಕ್ಕವಿಲ್ಲ. ಆ ಸಾಲು ಬಂದಾಗಲೆಲ್ಲ ಮೂಗಿಗೆ ಕರ್ಪೂರದ ವಾಸನೆ ಬಡಿದ ಹಾಗಾಗುತ್ತದೆ.

ನಮ್ಮದು ಉದ್ದನೆಯ ಮನೆ. ಮುಂದೆ ಜಗಲಿ, ನಡುವೆ ನಡುಮನೆ, ಅದರ ಮೂಲೆಯಲ್ಲಿ ಬಗ್ಗಿ ಹೋಗಬೇಕಾದ ದೇವರ ಮನೆ, ಹಿಂದೆ ಅಡುಗೆಮನೆ, ಹಿತ್ತಿಲು. ಹಿತ್ತಿಲ ಬಾಗಿಲು ತೆಗೆದರೆ ತೆಂಗಿನ ತೋಟ, ತೋಟದ ಕೊನೆಯಲ್ಲಿ ಮೋಟರ್ ಮನೆ, ಅದರಾಚೆ ರೈಲು ಕಂಬಿ. ಈರುಳ್ಳಿ ಕಾಲದಲ್ಲಿ ನಡುಮನೆಯ ಅರ್ಧ ಈರುಳ್ಳಿಯೇ. ಹಾಸಿಗೆ, ಪುಸ್ತಕ, ತಲೆಗೂದಲು ಎಲ್ಲದಕ್ಕೂ ಅದೇ ವಾಸನೆ. ಮನೆಯಲ್ಲಿ ಅಜ್ಜಿಯದೇ ಕಾನೂನು. ಮುದ್ದೆ ಎಷ್ಟು ದಪ್ಪ ಕಟ್ಟಬೇಕು, ಹಬ್ಬಕ್ಕೆ ಯಾರು ತವರಿಗೆ ಹೋಗಬೇಕು, ಮಜ್ಜಿಗೆಗೆ ಎಷ್ಟು ನೀರು, ಎಲ್ಲ ಅಜ್ಜಿಯ ಬಾಯಿಂದಲೇ ಬರಬೇಕು. ಅಪ್ಪ, ಅಮ್ಮ, ನಾನು, ಅಪ್ಪನ ತಮ್ಮ ಅಂದರೆ ನಮ್ಮ ಚಿಕ್ಕಪ್ಪ, ಹೊಸದಾಗಿ ಮದುವೆಯಾಗಿ ಬಂದ ಲಲಿತ ಚಿಕ್ಕಮ್ಮ, ಎಲ್ಲರೂ ಅದಕ್ಕೆ ತಲೆಬಾಗಿದವರೇ.

ಚಿಕ್ಕಮ್ಮನ ತವರು ಕಡೂರು. ಬಸ್ಸಿನಲ್ಲಿ ಕೂತರೆ ಬೀರೂರು ದಾಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುವ ಊರು. ಆದರೂ ಅವಳಿಗೆ ಅದು ಸಮುದ್ರದಾಚೆ ಇದ್ದ ಹಾಗಿತ್ತು. ಗೌರಿ ಹಬ್ಬಕ್ಕೆ ಅಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋಗುವುದು ಪದ್ಧತಿ. ನಮ್ಮ ಕಡೆ ಈರುಳ್ಳಿ ಕೀಳುವುದೂ ಅದೇ ಹೊತ್ತಿಗೆ. ಬಂದ ಅಣ್ಣನಿಗೆ ಅಜ್ಜಿ ಹೋಳಿಗೆ ಬಡಿಸಿ ಹೇಳಿದಳು:

“ಈರುಳ್ಳಿ ಹೊಲದಲ್ಲಿ ಐತೆ ಕಣಪ್ಪ. ಈ ಸಲಕ್ಕೆ ಬ್ಯಾಡ. ದೀಪಾವಳಿಗೆ ಕಳಿಸ್ಕೊಡ್ತೀನಿ.”

ಆ ಅಣ್ಣ ಕಡೂರಿನಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುತ್ತಿದ್ದವನು. ತಂಗಿಯ ಮುಖ ನೋಡಲಾರದೆ ಬ್ಯಾಗಿನಿಂದ ಒಂದು ಟಿವಿ ಗೇಮು ತೆಗೆದು ಕೊಟ್ಟ. ಯಾರೋ ರಿಪೇರಿಗೆ ಕೊಟ್ಟು ತೆಗೆದುಕೊಂಡು ಹೋಗದೇ ಬಿಟ್ಟದ್ದಂತೆ. ಜೊತೆಗೆ ಒಂದೇ ಒಂದು ಹಳದಿ ಕ್ಯಾಸೆಟ್ಟು. ಅದರ ಮೇಲೆ ಅಂಟಿಸಿದ್ದು ಕಾರಿನ ಚಿತ್ರ, ಹಾಕಿದರೆ ಬಂದದ್ದು ನಿಂಜಾ. ಅಕ್ಷರಗಳೆಲ್ಲ ಜಪಾನಿನವು. ಆಟದ ಹೆಸರೇನು, ಕಥೆಯೇನು, ಒಂದೂ ತಿಳಿಯದು. ಶುರುವಿನಲ್ಲಿ ಬೆಟ್ಟದ ಮೇಲೊಂದು ಕೋಟೆ, ಕಿಟಕಿಯಲ್ಲಿ ಒಬ್ಬ ಹುಡುಗಿ, ಕೆಳಗೆ ಬಟ್ಟೆ ಹಾರಿಸಿಕೊಂಡು ನಿಂತ ಇವನು, ಇಷ್ಟು ಚಿತ್ರ ಬಂದು ಹೋಗುತ್ತಿತ್ತು. ಚಿಕ್ಕಮ್ಮ ಅದಕ್ಕೊಂದು ಕಥೆ ಕಟ್ಟಿಯೇಬಿಟ್ಟಳು.

“ಅವ್ಳು ತಂಗಿ ಕಣೇ ಸುಮ. ಈ ಕೋಟೆಗೆ ಕೊಟ್ಬಿಟ್ಟವ್ರೆ. ಇವ್ನು ಅಣ್ಣ. ಹಬ್ಬಕ್ಕೆ ಕರ್ಕೊಂಡ್ ಹೋಗಕ್ಕೆ ಬಂದವ್ನೆ.”

“ಮತ್ತೆ ಕತ್ತಿ ಯಾಕೆ?”

“ಸುಮ್ನೆ ಕೇಳಿದ್ರೆ ಕಳಿಸ್ತಾರಾ?”

ನಾನು ಆಗ ನಾಲ್ಕನೇ ಕ್ಲಾಸು. ನನಗೆ ಆ ಕಥೆ ಸಾಕಾಗಿತ್ತು. ಅಜ್ಜಿ ಕೊಟ್ಟಿದ್ದ ಅಪ್ಪಣೆಯಂತೆ ಊಟವಾಗಿ ಪಾತ್ರೆ ತೊಳೆದ ಮೇಲೆ, ಅಜ್ಜಿ ಎದ್ದು ಕಾಫಿ ಕೇಳುವವರೆಗೆ ಆಟ. ದಸರಾ ರಜೆಯಾದ್ದರಿಂದ ನಾನೂ ಪಕ್ಕದಲ್ಲೇ. ಚಿಕ್ಕಮ್ಮ ಆಡುತ್ತಿದ್ದುದನ್ನು ನೋಡಬೇಕಿತ್ತು. ನಾಲಿಗೆ ಹಲ್ಲಿನ ನಡುವೆ, ಸೆರಗು ಸೊಂಟಕ್ಕೆ, ಕಣ್ಣು ಮಿಟುಕಿಸುವಂತಿಲ್ಲ. ಒಂದೊಂದು ಹಂತಕ್ಕೂ ನಾವು ಚೌಕಾಬಾರದ ಹಾಗೆ ‘ಮನೆ’ ಎನ್ನುತ್ತಿದ್ದೆವು. ಒಂಬತ್ತು ಮನೆ ದಾಟಿದರೆ ಕೋಟೆ. ದಾರಿಯಲ್ಲಿ ಹದ್ದುಗಳು. ಗುಂಡಿ ಹಾರುವ ಹೊತ್ತಿಗೇ ಎದೆಗೆ ಬಂದು ಹೊಡೆದು ಬೀಳಿಸುವ ಹಾಳು ಹದ್ದುಗಳು. ಕೊಂದ ಹದ್ದು ನಾವು ಒಂದು ಹೆಜ್ಜೆ ಹಿಂದಿಟ್ಟರೆ ಮತ್ತೆ ಜೀವ ತಳೆದು ಬರುತ್ತದೆ ಎನ್ನುವುದನ್ನು ಚಿಕ್ಕಮ್ಮ ತಾನೇ ಕಂಡುಹಿಡಿದಳು. “ಹಿಂದಕ್ಕೆ ತಿರುಗ್ಬಾರ್ದು, ಏನಾದ್ರೂ ಆಗ್ಲಿ” ಎನ್ನುವುದು ಅವಳ ಮಂತ್ರವಾಯಿತು. ಅಜ್ಜಿ ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು ನೋಡುತ್ತಿದ್ದಳು.

“ಕದ್ದು ಕೋಟೆ ಹೊಕ್ತಾನೆ ಅಂತೀರ. ಕಳ್ಳ ಯಾವನಾದ್ರೂ ಇಷ್ಟು ಚೆಂದದ ನೀಲಿ ಬಟ್ಟೆ ಹಾಕ್ಕೊಂಡು ಕನ್ನ ಹಾಕ್ತಾನೇನ್ರೇ?”

ನಮ್ಮ ಗೋಳು ಶುರುವಾದದ್ದು ಕೋಟೆಯಲ್ಲಿ. ಬೇರೆ ಮನೆಗಳಲ್ಲಿ ಸತ್ತರೆ ಅದೇ ಮನೆಯ ಬಾಗಿಲಿನಿಂದ ಮತ್ತೆ ಶುರು ಮಾಡಬಹುದಿತ್ತು. ಆದರೆ ಕೋಟೆಯ ರಾಕ್ಷಸನ ಕೈಯಲ್ಲಿ ಸತ್ತರೆ ಮಾತ್ರ ಆಟ ನಮ್ಮನ್ನು ಮೂರು ಮನೆ ಹಿಂದಕ್ಕೆ ಎಸೆಯುತ್ತಿತ್ತು. ಅದೇ ಹದ್ದು, ಅದೇ ಗುಂಡಿ, ಮತ್ತೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಜ್ಜಿ ಎದ್ದು ಕೂತು ಕಾಫಿ ಎನ್ನುತ್ತಿದ್ದಳು. ಮೊದಲ ಸಲ ಹಾಗಾದಾಗ ಅಜ್ಜಿಯೇ ಹೇಳಿದ್ದಳು, “ಚೌಕಾಬಾರದಲ್ಲಿ ಕಾಯಿ ಹೊಡೆಸ್ಕೊಂಡ್ರೆ ವಾಪಸ್ ಹೋಗಲ್ವೇನೆ? ಆಟವೇ ಹಂಗಿರ್ಬೇಕು ಬಿಡು.” ಚಿಕ್ಕಮ್ಮ ಒಪ್ಪಲಿಲ್ಲ. ಒಂಬತ್ತು ಮನೆಗೆ ಒಂದು ನ್ಯಾಯ, ಕೋಟೆಗೆ ಒಂದು ನ್ಯಾಯ ಹೇಗೆ ಸಾಧ್ಯ? ನನಗೂ ಅವಳ ಮಾತೇ ಸರಿ ಕಂಡಿತು. ಹಾಗಾದರೆ ತಪ್ಪು ಆಟದ್ದಲ್ಲ, ಬೇರೆ ಯಾರದೋ. ಯಾರದು? ಅಜ್ಜಂಪುರದಲ್ಲಿ ಆಗ ಏನೇ ಕೆಟ್ಟರೂ ಬೈಯುವುದಕ್ಕೆ ಒಂದೇ ಹೆಸರಿತ್ತು, ವೋಲ್ಟೇಜು.

ತೋಟದ ಮೋಟರಿಗೆ ಬೇಕಾದ ಮೂರು ಫೇಸಿನ ಕರೆಂಟು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಮನೆಯ ದೀಪಕ್ಕೆಂದು ಬಿಡುವ ಸಿಂಗಲ್ ಫೇಸು. ನಮ್ಮವರು ಸುಮ್ಮನಿರುತ್ತಾರೆಯೇ? ಸ್ಟಾರ್ಟರಿಗೆ ಒಂದು ಕಂಡೆನ್ಸರ್ ಕಟ್ಟಿ, ದೀಪದ ಕರೆಂಟಿನಲ್ಲೇ ತೋಟದ ಮೋಟರನ್ನೂ ಎಳೆಯುತ್ತಿದ್ದರು. ಹಾಗೆ ಎಳೆದ ಕೂಡಲೇ ಮನೆಯ ಬಲ್ಬು ಕೆಂಪಗಾಗುತ್ತಿತ್ತು, ಟಿವಿಯ ಚಿತ್ರ ನಾಲ್ಕು ಕಡೆಯಿಂದ ಕುಗ್ಗುತ್ತಿತ್ತು, ಕೆಲವೊಮ್ಮೆ ಆಟ ನಿಂತೇ ಹೋಗಿ ಮೊದಲಿಂದ ಶುರುವಾಗುತ್ತಿತ್ತು. ಮೋಟರ್ ಪೂರ್ತಿ ಎಳೆದರೆ ಆಟ ಮೊದಲಿಗೆ ಹೋಗುತ್ತದೆ ಎಂದಮೇಲೆ, ಸ್ವಲ್ಪ ಎಳೆದರೆ ಮೂರು ಮನೆ ಹಿಂದೆ ಹೋಗುತ್ತದೆ, ಅಷ್ಟೇ ತಾನೆ! ಹೀಗೆ ಚಿಕ್ಕಮ್ಮ ಲೆಕ್ಕ ಹಾಕಿದಳು. ಮೋಟರ್ ಹಾಕುವುದು ಚಿಕ್ಕಪ್ಪನ ಕೆಲಸ. ಅಲ್ಲಿಗೆ ಕಳ್ಳ ಸಿಕ್ಕಿದ ಹಾಗಾಯಿತು.

ಚಿಕ್ಕಪ್ಪ ಮಾತು ಕಡಿಮೆಯ ಮನುಷ್ಯ. ದಿನಾ ಊಟದ ಹೊತ್ತಿಗೆ ಜಗಳ. ಅವಳು ಸಾರು ಬಡಿಸುತ್ತಾ ಗೊಣಗುವುದು, ಇವನು ತಲೆ ಎತ್ತದೆ ಮುದ್ದೆ ಮುರಿಯುವುದು. ಕೊನೆಗೆ ಒಂದು ದಿನ ಅವನೇ ಹೇಳಿದ:

“ಆಯ್ತು ಕಣೇ. ಇವತ್ತು ನಾಲ್ಕು ಗಂಟೆವರ್ಗೂ ಮೋಟರ್ ಮುಟ್ಟಲ್ಲ. ಗೆದ್ಕೊಂಡು ಪುಣ್ಯ ಕಟ್ಕೋ.”

ಚಿಕ್ಕಮ್ಮನಿಗೆ ಅಷ್ಟರಲ್ಲಿ ನಂಬಿಕೆ ಎಂಬುದು ಉಳಿದಿರಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದು, ಮೋಟರ್ ಮನೆಯ ಬಾಗಿಲಲ್ಲಿ ಕೂತಿರು, ಅವರು ಹಾಕಿದರೆ ಓಡಿಬಂದು ಹೇಳು ಎಂದಳು. ನಾನು ಹೋಗಿ ಕೂತೆ. ಕೂತದ್ದು ಎಷ್ಟು ಹೊತ್ತೋ, ಹುಣಸೆಹಣ್ಣಿನ ಉಂಡೆ ಕರಗುವಷ್ಟು ಹೊತ್ತು. ಆಮೇಲೆ ಸ್ಟೇಷನ್ನಿನ ಕಡೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ಉದ್ದ ಎಂದರೆ ಉದ್ದ, ಇಂಜಿನ್ನು ಎಲ್ಲಿದೆಯೆಂದೇ ಕಾಣದು. ನಾನು ಡಬ್ಬಿ ಎಣಿಸುತ್ತಾ ಕಂಬಿಯ ಪಕ್ಕದಲ್ಲೇ ನಡೆದೆ. ಐವತ್ತೆಂಟು. ಎಣಿಸಿ ತಿರುಗಿದಾಗ ಮನೆಯ ಕಡೆಯಿಂದ ಚಿಕ್ಕಮ್ಮನ ಕೂಗು ಕೇಳಿತು. ಓಡಿದೆ. ನಡುಮನೆಯಲ್ಲಿ ಅವಳು ನೆಲದ ಮೇಲೆ ಕೂತಿದ್ದಳು, ಟಿವಿಯಲ್ಲಿ ಏಳನೇ ಮನೆಯ ಹದ್ದು ಹಾರುತ್ತಿತ್ತು. ರಾಕ್ಷಸನಿಗೆ ಇನ್ನೊಂದೇ ಒಂದು ಏಟು ಬಾಕಿ ಇತ್ತಂತೆ.

“ಹಾಕಿದ್ರು ತಾನೆ? ಮೋಟರ್ ಹಾಕಿದ್ರು ತಾನೆ?”

ಗೊತ್ತಿಲ್ಲ ಎನ್ನಬೇಕಿತ್ತು. ನಾನು ಅಲ್ಲಿರಲಿಲ್ಲ ಎಂದಿದ್ದರೆ ಒಂದು ಪೆಟ್ಟು ಬೀಳುತ್ತಿತ್ತು, ಮುಗಿಯುತ್ತಿತ್ತು. ಆದರೆ ಅವಳ ಕಣ್ಣಲ್ಲಿ ನೀರಿತ್ತು, ‘ಹೂಂ’ ಎನ್ನುವ ಉತ್ತರ ಅವಳ ಮುಖದ ಮೇಲೆ ಆಗಲೇ ಬರೆದಿತ್ತು. ನಾನು ಹೂಂ ಎಂದೆ. ಸಾಲದ್ದಕ್ಕೆ, “ನಾನೇ ನೋಡ್ದೆ, ಓಡ್ತಿತ್ತು” ಎಂದೂ ಸೇರಿಸಿದೆ.

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ದೊಡ್ಡ ರಾದ್ಧಾಂತ. ಚಿಕ್ಕಪ್ಪ ಮೋಟರ್ ಹಾಕಿಲ್ಲ ಎನ್ನುತ್ತಾನೆ, ಮಗು ನೋಡಿದೆ ಎಂದು ಚಿಕ್ಕಮ್ಮ ಅಳುತ್ತಾಳೆ, ಒಂದು ಆಟಕ್ಕೆ ಇಷ್ಟೊಂದಾ ಎಂದು ಅಮ್ಮ ಗದರುತ್ತಾಳೆ, ಅಪ್ಪ ಜಗಲಿಗೆ ಎದ್ದು ಹೋಗುತ್ತಾರೆ. ಅಜ್ಜಿ ಮಾತ್ರ ಧ್ವನಿ ಏರಿಸಲಿಲ್ಲ.

“ಒಂದು ಮನೇಲಿ ಎರಡು ಮಾತು ಇರಬಾರ್ದು. ಕರ್ಪೂರ ತತ್ತಾ. ಯಾರು ನಿಜ ಹೇಳ್ತಿದೀರೋ ಅವ್ರು ಆರಿಸಿ.”

ಉರಿಯುವ ಕರ್ಪೂರವನ್ನು ದೇವರೆದುರು ಅಂಗೈಯಿಂದ ಆರಿಸಿ ಹೇಳಿದ ಮಾತು ನಮ್ಮ ಕಡೆ ಕೊನೆಯ ಮಾತು. ಹೊಲದ ಬದು ಒತ್ತಿದವರು, ಕಾಯಿ ಕದ್ದವರು ಇದಕ್ಕೆ ನಿಲ್ಲುತ್ತಿದ್ದರು. ಸುಳ್ಳು ಹೇಳಿ ಆರಿಸಿದರೆ ಆ ಮನೆ ಉದ್ಧಾರವಾಗುವುದಿಲ್ಲ. ಟಿವಿ ಗೇಮಿಗೆ ಕರ್ಪೂರ ಆರಿಸಿದ ಮನೆ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಅಜ್ಜಿ ತಟ್ಟೆ ಹಿಡಿದು ಮೊದಲು ನೋಡಿದ್ದು ನನ್ನ ಕಡೆ. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಅಷ್ಟರಲ್ಲಿ ಚಿಕ್ಕಪ್ಪ ಮುಂದೆ ಬಂದು, ಅಂಗೈ ಅದುಮಿ ಕರ್ಪೂರ ಆರಿಸಿ, “ಮೋಟರ್ ಮುಟ್ಟಿಲ್ಲ” ಎಂದು ಹೊರಗೆ ಹೋಗಿಬಿಟ್ಟ. ನಾನು ಉಸಿರು ಬಿಟ್ಟೆ. ಆ ಉಸಿರಿನ ಸಮಾಧಾನಕ್ಕೆ ಇವತ್ತಿಗೂ ನನ್ನನ್ನು ಕ್ಷಮಿಸಿಕೊಳ್ಳಲಾಗಿಲ್ಲ.

ಇನ್ನೂ ಹದಿನೈದು ದಿನ ಕಳೆದಿರಲಿಲ್ಲ, ಮೋಟರ್ ಸುಟ್ಟುಹೋಯಿತು. ಕಂಡೆನ್ಸರ್ ಕಟ್ಟಿ ಎಳೆದ ಮೋಟರು ಸುಡದೆ ಇನ್ನೇನಾಗುತ್ತದೆ? ಅಜ್ಜಿಗೆ ಮಾತ್ರ ಅದು ಬೇರೆಯೇ ಆಗಿ ಕಂಡಿತು. “ಆಣೆ ತಟ್ತು” ಎಂದು ಒಂದೇ ಮಾತು ಹೇಳಿದಳು. ಚಿಕ್ಕಪ್ಪ ಕೇಳಿಸಿಕೊಂಡ. ಮೋಟರನ್ನು ಗಾಡಿಗೆ ಹಾಕಿಸಿಕೊಂಡು ತರೀಕೆರೆಗೆ ರಿವೈಂಡಿಂಗಿಗೆ, ಅಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸಲು, ಒಯ್ದವನು ಮೂರು ದಿನ ಆ ಅಂಗಡಿಯಲ್ಲೇ ಕೂತು ಕೆಲಸ ನೋಡಿದನಂತೆ. ನಾಲ್ಕನೇ ದಿನ ಮೋಟರು ಬಂತು, ಅವನು ಬರಲಿಲ್ಲ. ದೀಪಾವಳಿಗೆ ಕಡೂರಿಗೆ ಹೋದ ಚಿಕ್ಕಮ್ಮ ಅಲ್ಲಿಂದ ಸೀದಾ ತರೀಕೆರೆಗೆ ಹೋಗಿ ಗಂಡನ ಜೊತೆ ಒಲೆ ಹೂಡಿದಳು. ಹಬ್ಬ ಹುಣ್ಣಿಮೆಗೆ ಬರುತ್ತಿದ್ದರು, ಉಣ್ಣುತ್ತಿದ್ದರು, ಕತ್ತಲಾಗುವ ಮೊದಲು ಬಸ್ಸು ಹತ್ತುತ್ತಿದ್ದರು. ಅಜ್ಜಿ ಸಾಯುವವರೆಗೂ ಈ ಕಿರಿಯ ಮಗನ ಕೈಯಿಂದ ದೇವರಿಗೆ ಹೂ ಏರಿಸಲು ಬಿಡಲಿಲ್ಲ. ನಾನು ಅದನ್ನು ನೋಡುತ್ತಲೇ ಬೆಳೆದೆ. ಮಧ್ಯಾಹ್ನದ ನಡುಮನೆ ಖಾಲಿಯಾಯಿತು. ಯಾರಾದರೂ ನನ್ನ ಮಾತು ನಂಬಿದರೆ ಹೆದರಿಕೆಯಾಗುವ ಸ್ವಭಾವ ನನಗೆ ಆಗಲೇ ಅಂಟಿದ್ದು. ಎರಡೆರಡು ಸಲ ನೋಡದೆ ಯಾವುದನ್ನೂ ಹೌದೆನ್ನಲಾರೆ. ಗಂಡ ಇದಕ್ಕೇ ರೇಗುತ್ತಾನೆ.

ಮೊನ್ನೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಮೊಬೈಲಿನಲ್ಲಿ ಸುಮ್ಮನೆ ಬೆರಳಾಡಿಸುತ್ತಿದ್ದಾಗ ಆ ನೀಲಿ ಬಟ್ಟೆ ಕಣ್ಣಿಗೆ ಬಿತ್ತು. ಅವನೇ! ಆಟ ಮಾಡಿದವರ ಜೊತೆ ಯಾರೋ ಕೂತು ಮಾತಾಡಿ ಬರೆದಿದ್ದರು. ನನ್ನ ಇಂಗ್ಲಿಷಿಗೆ ಒಂದು ಗಂಟೆ ಹಿಡಿಯಿತು. ಬೆರಳೆಣಿಕೆಯ ಜನ ಒಂದು ಕೋಣೆಯಲ್ಲಿ ಕೂತು ಮಾಡಿದ ಆಟವಂತೆ. ನಿಂಜಾನಿಗೆ ಕಪ್ಪು ಬಟ್ಟೆಯೇ ಬೇಕಿತ್ತಂತೆ, ಹಿಂದಿನ ಪರದೆಯೂ ಕಪ್ಪಾದ್ದರಿಂದ ಕಾಣುವುದಿಲ್ಲವೆಂದು ನೀಲಿ ತೊಡಿಸಿದರಂತೆ. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೇಳಲು ಅಜ್ಜಿ ಇಲ್ಲ. ಕೊಂದ ಹದ್ದನ್ನು ನೆನಪಿಟ್ಟುಕೊಳ್ಳುವಷ್ಟು ಜಾಗ ಆ ಕ್ಯಾಸೆಟ್ಟಿನಲ್ಲಿ ಇರಲಿಲ್ಲವಂತೆ. ಪರದೆಯಿಂದ ಆಚೆ ಹೋದದ್ದನ್ನು ಅದು ಮರೆತೇಬಿಡುತ್ತಿತ್ತು, ಅದಕ್ಕೇ ಹದ್ದು ಮತ್ತೆ ಬರುತ್ತಿತ್ತು. ಆಮೇಲೆ ಕೋಟೆಯ ವಿಷಯ ಬಂತು. ಕೊನೆಯಲ್ಲಿ ಸತ್ತರೆ ಮೂರು ಮನೆ ಹಿಂದಕ್ಕೆ ಹೋಗುವುದು ಅವರ ಉದ್ದೇಶವೇ ಆಗಿರಲಿಲ್ಲ. ಪ್ರೋಗ್ರಾಂ ಬರೆದವನ ಕೈತಪ್ಪು. ಅವನು ತಿದ್ದಹೊರಟಾಗ ಮೇಲಿನವನು ತಡೆದನಂತೆ, ಇರಲಿ ಬಿಡು, ಆಟ ಇನ್ನಷ್ಟು ಕಷ್ಟವಾಗುತ್ತದೆ ಎಂದು. ನಗುತ್ತಾ ಹೇಳಿದ್ದಾರೆ. ನನಗೆ ಮೈ ಉರಿದುಹೋಯಿತು. ಕೈತಪ್ಪಂತೆ, ಇರಲಿ ಬಿಡು ಅಂತೆ! ಇಲ್ಲಿ ಒಬ್ಬ ಮನುಷ್ಯ ಮೂವತ್ತು ವರ್ಷ ಸುಳ್ಳು ಆಣೆಯವನು ಎನಿಸಿಕೊಂಡ. ಅಂಗಡಿಯ ಶಟರ್ ಎಳೆದು ತರೀಕೆರೆ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದ್ದು ಏನು ಗೊತ್ತೇ? ಆಟದ ತಪ್ಪು ಎಂದು ತೋರಿಸಿದರೆ ಸಾಕು, ನಾನು ಅಂದು ಎಲ್ಲಿದ್ದೆ ಎನ್ನುವ ಮಾತೇ ಬರಬೇಕಾಗಿಲ್ಲ. ನಲವತ್ತು ದಾಟಿದ ಹೆಂಗಸಿನ ಬುದ್ಧಿ ಇದು. ನಾಯಿ ಬಾಲ ಡೊಂಕು ಎಂದು ಬೇರೆಯವರಿಗೇಕೆ ಹೇಳಬೇಕು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಚಿಕ್ಕಪ್ಪನ ರಿವೈಂಡಿಂಗ್ ಅಂಗಡಿ. ಅವನು ಮರದ ಅಚ್ಚಿಗೆ ತಾಮ್ರದ ತಂತಿ ಸುತ್ತುತ್ತಾ ತುಟಿಯಲ್ಲೇ ಎಣಿಸುತ್ತಿದ್ದ. ಚಿಕ್ಕಮ್ಮ ಪಕ್ಕದಲ್ಲಿ ಕೂತು ತಂತಿಯ ಸುರುಳಿಗೆ ಸುತ್ತುವ ಕಾಗದ ಕತ್ತರಿಸುತ್ತಿದ್ದಳು. ಕೂದಲು ಬೆಳ್ಳಗಾಗಿದೆ, ಸೆರಗು ಈಗಲೂ ಸೊಂಟಕ್ಕೆ. ನಾನು ನಿಂತಲ್ಲೇ ಮೊಬೈಲು ಹಿಡಿದು ಓದಿ, ಕನ್ನಡದಲ್ಲಿ ಹೇಳಿ, ಏದುಸಿರು ಬಿಡುತ್ತಾ ಮುಗಿಸಿದೆ. ಯಾರೂ ಹೌಹಾರಲಿಲ್ಲ. ಚಿಕ್ಕಪ್ಪ ತಂತಿಯಿಂದ ಕಣ್ಣು ತೆಗೆಯದೆ ಕೇಳಿದ:

“ಅವತ್ತು ಸ್ಟೇಷನ್ನಲ್ಲಿ ನಿಂತಿತ್ತಲ್ಲ ಗೂಡ್ಸು, ಎಷ್ಟು ಡಬ್ಬಿ ಇತ್ತೇ ಸುಮ?”

ನಾನು ಮೊಬೈಲು ಕೆಳಗಿಳಿಸಿದೆ.

“ಐವತ್ತೆಂಟು.”

“ನಾನೂ ತೋಟದ ಬೇಲಿ ಹತ್ರ ನಿಂತು ನೋಡ್ತಿದ್ದೆ. ನೀನು ಬೆರಳು ಮಡಚ್ಕೊಂಡು ಎಣಿಸ್ತಾ ಹೋಗ್ತಿದ್ದೆ.”

“ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅವ್ವ ತಟ್ಟೆ ನಿನ್ ಮುಂದೆ ಹಿಡೀತಿದ್ಲು. ಹತ್ತು ವರ್ಷದ್ ಮಗು ಸುಳ್ ಹೇಳಿ ಕರ್ಪೂರ ಆರಿಸ್ಲಿ ಅಂತ ಬಿಡಕ್ಕಾಗುತ್ತಾ?”

ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ಕತ್ತರಿ ಕೆಳಗಿಟ್ಟಳು.

“ನಂಗೂ ದೀಪಾವಳಿಗೇ ಗೊತ್ತಾಯ್ತು ಕಣೇ. ಗೇಮು ಕಡೂರಿಗೆ ತಗೊಂಡ್ ಹೋಗಿ ಅಣ್ಣನ ಅಂಗಡೀಲಿ ಆಡ್ದೆ. ಅಲ್ಲಿ ಯಾವ್ ಮೋಟ್ರೂ ಇಲ್ಲ, ತೋಟಾನೂ ಇಲ್ಲ. ಅಲ್ಲೂ ಮೂರು ಮನೆ ಹಿಂದಕ್ಕೇ ಹೋಯ್ತು. ಅವತ್ತೇ ಬಸ್ ಹತ್ತಿ ಇವ್ರ ಹತ್ರ ಬಂದೆ.”

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನಲ್ಲ, ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ? ಅಜ್ಜಿ ಹೋದ ಮೇಲಾದರೂ ಕರೆದು ಬೈಯಬಾರದಿತ್ತೇ? ಅದನ್ನೇ ಕೂಗಿ ಕೇಳಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

“ನೀನೇ ಬಂದು ಹೇಳ್ತೀಯ ಅಂತ ಇದ್ವಿ ಕಣಮ್ಮ,” ಎಂದ ಚಿಕ್ಕಪ್ಪ.

ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಅಚ್ಚಿನ ಕಡೆ ನೋಡಿ, “ಹೋಯ್ತು, ಲೆಕ್ಕ ತಪ್ತು” ಎಂದು, ಸುತ್ತಿದ್ದ ತಂತಿಯನ್ನೆಲ್ಲ ಬಿಚ್ಚಿ, ಮತ್ತೆ ಒಂದರಿಂದ ಸುತ್ತತೊಡಗಿದ. ಒಂದಿಷ್ಟೂ ಬೇಸರವಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ಚಿಕ್ಕಮ್ಮ ಮತ್ತೆ ಕತ್ತರಿ ಎತ್ತಿಕೊಂಡು ಕಾಗದ ಕತ್ತರಿಸತೊಡಗಿದಳು. ಆಮೇಲೆ ತಲೆ ಎತ್ತದೆಯೇ, ಬೇಕೋ ಬೇಡವೋ ಎನ್ನುವ ಹಾಗೆ ಕೇಳಿದಳು:

“ಅಲ್ಲ ಕಣೇ, ಕೊನೇಲಿ ಆ ಹುಡುಗಿ ಹೊರಗೆ ಬಂದ್ಲಂತಾ? ಅವ್ರಣ್ಣ ಕರ್ಕೊಂಡ್ ಹೋದ್ನಂತಾ?”

ಅದನ್ನೂ ಓದಿದ್ದೆ. ಹುಡುಗಿಯ ಚಿತ್ರ ಕೊನೆಯಲ್ಲೂ ಬರಬೇಕಿತ್ತಂತೆ. ಕ್ಯಾಸೆಟ್ಟಿನಲ್ಲಿ ಜಾಗ ಉಳಿಯದೆ ತೆಗೆದುಹಾಕಿದರಂತೆ. ಗೆದ್ದವರಿಗೆ ಕಾಣುವುದು ಒಂದು ಖಾಲಿ ಬೆಟ್ಟ, ಮಾಡಿದವರ ಹೆಸರುಗಳು. ಬಂದಳು ಚಿಕ್ಕಮ್ಮ, ಬಸ್ಸು ಹತ್ತಿ ತವರಿಗೆ ಹೋದಳು ಎಂದುಬಿಡುವುದು ಎಷ್ಟು ಸುಲಭವಿತ್ತು. ಅವಳ ಮುಖದ ಮೇಲೆ ಆ ಉತ್ತರ ಮತ್ತೆ ಬರೆದಿತ್ತು.

“ಇಲ್ಲ ಚಿಕ್ಕಮ್ಮ. ಬರಲ್ಲ. ಕ್ಯಾಸೆಟ್ಟಲ್ಲಿ ಜಾಗ ಸಾಕಾಗ್ಲಿಲ್ವಂತೆ.”

ಅವಳ ಕತ್ತರಿ ನಿಂತಿತು. ನನ್ನನ್ನು ನೋಡಿದಳು, ಚಿಕ್ಕಪ್ಪನನ್ನು ನೋಡಿದಳು, ಆಮೇಲೆ ಆ ಜಪಾನಿನವರೇ ಎದುರಿಗೆ ನಿಂತಿದ್ದಾರೇನೋ ಎಂಬಂತೆ ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದಳು.

“ನಮ್ಮನ್ನ ಮೂರು ಮನೆ ಹಿಂದಕ್ಕೆ ಅಟ್ಟಕ್ಕೆ ಜಾಗ ಇತ್ತಂತಾ? ಒಂದು ಹೆಣ್ಮಗು ಬಾಗಿಲಲ್ಲಿ ನಿಂತ್ಕೊಳಕ್ಕೆ ಇರ್ಲಿಲ್ವಂತಾ?”